ಸಹಾಯ ಬೇಕು: ಪೋಕೆಮಾನ್ ಗೋಲ್ಡ್ ಕಾರ್ಟ್ರಿಜ್, ಸೆಲ್ ಬದಲಿಸಲಾ ಬೇಡವಾ?

ಅಟ್ಟ ಗುಡಿಸುವಾಗ ಮಾವ ದುಬೈನಿಂದ ತಂದಿದ್ದ ಗೇಮ್ ಬಾಯ್ ಕಲರ್ (ಕೈಯಲ್ಲಿ ಹಿಡಿದು ಆಡೋ ನಿಂಟೆಂಡೋ ಗೇಮ್ ಯಂತ್ರ) ಸಿಕ್ತು, ಒಳಗೆ ಪೋಕೆಮಾನ್ ಗೋಲ್ಡ್ ಆಟದ ಕಾರ್ಟ್ರಿಜ್. ಡಬ್ಬ, ಪುಸ್ತಕ ಎರಡೂ ಇಲ್ಲ. ಕಾರ್ಟ್ರಿಜ್ ಮೇಲಿನ ಸ್ಟಿಕ್ಕರನ್ನು ಬೆಳಕಿಗೆ ಓರೆ ಹಿಡಿದರೆ ಅಚ್ಚೊತ್ತಿದ ಎರಡಂಕಿ ಕಾಣುತ್ತೆ, ಅಸಲಿ ಅಂತಲೇ ನನ್ನ ಲೆಕ್ಕ. (ಜೊತೆಗಿದ್ದ ಗೇಮ್ ಬಾಯ್ ಅಡ್ವಾನ್ಸ್ ಕಾರ್ಟ್ರಿಜ್‌ನಲ್ಲಿ ಪಿನ್‌ಗಳ ಮೇಲ್ಭಾಗದ ಬೋರ್ಡ್‌ನಲ್ಲಿ ನಿಂಟೆಂಡೋ ಹೆಸರೇ ಇಲ್ಲ. ಡೂಪ್ಲಿಕೇಟ್, ಬಿಡಿ.)

ವಿಚಿತ್ರ ಅಂದ್ರೆ ಅಣ್ಣನ ಸೇವ್ (ಅವನು ಆಡಿ ಉಳಿಸಿಟ್ಟ ಆಟ) ಇನ್ನೂ ಉಳಿದಿದೆ! ಸೇವ್ ಉಳಿಸೋದು ಕಾರ್ಟ್ರಿಜ್ ಒಳಗಿನ ಸಿಆರ್ 2025 ಬಟನ್ ಸೆಲ್, ಆಟದ ಗಡಿಯಾರವೂ ಅದರ ಮೇಲೇ ಓಡೋದು, ಇವತ್ತೋ ನಾಳೆಯೋ ಅನ್ನೋ ಸ್ಥಿತಿ. ಸುಮ್ಮನೆ ಕಿತ್ತರೆ ಸೇವ್ ಹೋಯ್ತು.

ಬೆಂಗಳೂರಲ್ಲಿ ಯಾರ ಹತ್ರ ಸೇವ್ ಕಾಪಿ ಮಾಡೋ ರೀಡರ್, 3.8 ಎಂಎಂ ಗೇಮ್‌ಬಿಟ್ (ಕಾರ್ಟ್ರಿಜ್ ಬಿಚ್ಚೋ ವಿಶೇಷ ಸ್ಕ್ರೂಡ್ರೈವರ್) ಇದೆ? ಹೊಸ ಸೆಲ್ ಬೆಸುಗೆ ಹಾಕಿಸಿದರೆ ಬೆಲೆ ಇಳಿಯುತ್ತಾ? ಇಬೇಯಲ್ಲಿ ಕೇಳ್ತಿರೋ ರೇಟ್ ಬೇಡ, ನಿಜವಾಗಿ ಮಾರಾಟ ಆಗಿದ್ದು ಎಷ್ಟಕ್ಕೆ ಅಂತ ಹೇಳಿ.