ಅಪ್ಪನ ಶುಗರ್ 7.8, ಸಾಕು ಬಿಡಿ ಅಂದರು ಡಾಕ್ಟರ್. ಸರೀನಾ?

ಕೋಲಾರದಿಂದ ಬರೆಯುತ್ತಿದ್ದೇನೆ. ಅಪ್ಪನಿಗೆ 72, ಎರಡು ಸಲ ಹಾರ್ಟ್ ಅಟ್ಯಾಕ್ ಆಗಿದೆ, ಇನ್ಸುಲಿನ್ ತಗೊಳ್ತಾರೆ. ಮೂರು ತಿಂಗಳ ಸರಾಸರಿ, ಅದೇ ಎಚ್‌ಬಿಎ1ಸಿ, 7.8 ಬಂತು. ಆರಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದಲ್ವಾ?

ಉತ್ತರ 1: ಇಲ್ಲ ಸರ್. ಅಮೆರಿಕ, ಕೆನಡಾದಲ್ಲಿ ನಡೆದ ಅಕಾರ್ಡ್ ಅಧ್ಯಯನದಲ್ಲಿ 10,251 ಜನರಿದ್ದರು, ಹೃದಯದ ಅಪಾಯ ಜಾಸ್ತಿ ಇದ್ದವರೇ. ಅರ್ಧ ಜನಕ್ಕೆ 6ಕ್ಕಿಂತ ಕೆಳಗೆ ಇಳಿಸಲು ಹೊರಟರು. ಆ ಗುಂಪಿನಲ್ಲಿ 257 ಸಾವು, ಇನ್ನೊಂದರಲ್ಲಿ 203. 2008ರಲ್ಲಿ ಅಷ್ಟು ಇಳಿಸೋ ಚಿಕಿತ್ಸೆಯನ್ನು ನಿಲ್ಲಿಸಿಯೇ ಬಿಟ್ಟರು.

ಉತ್ತರ 2: ನಮ್ಮಜ್ಜಿಗೆ ಬೆಳಗಿನ ಜಾವ ಶುಗರ್ ಇಳಿದು ಸೀರೆಯೆಲ್ಲ ಬೆವರಲ್ಲಿ ಒದ್ದೆ, ಮಾತು ತೊದಲು. ಸಕ್ಕರೆ ನೀರು ಕುಡಿಸಿದ ಮೇಲೆ ಸರಿಹೋದರು.

ಉತ್ತರ 3: ಹಾಗಂತ ಔಷಧಿ ಬಿಡಿಸಬೇಡಿ ಮತ್ತೆ! 1998ರ ಬ್ರಿಟನ್ ಅಧ್ಯಯನದಲ್ಲಿ ಹೊಸದಾಗಿ ಶುಗರ್ ಬಂದ ದಪ್ಪ ಮೈಯವರಲ್ಲಿ ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆಯಿಂದ ಸಾವು ಕಡಿಮೆಯಾಗಿತ್ತು.

ಕೇಳಿದವರು: ಅಯ್ಯೋ, ನಾನು ಸುಮ್ನೆ ರಾತ್ರಿ ಮುದ್ದೆ ಅರ್ಧ ಮಾಡಿಸಿದ್ದೆ, ಇನ್ಸುಲಿನ್ ಮಾತ್ರ ಅಷ್ಟೇ ಇದೆ. ಈಗಲೇ ಡಾಕ್ಟರಿಗೆ ಫೋನ್ ಮಾಡ್ತೀನಿ.