ಹಾಯಿದೋಣಿಯ ‘ಶೀಟ್’ ಬಟ್ಟೆಯಲ್ಲ, ಹಗ್ಗ. ಕನ್ನಡದಲ್ಲಿ ಅದಕ್ಕೆ ಏನನ್ನೋಣ?

ಗೆಳೆಯರೇ,

ಒಂದೇ ಒಂದು ಪದಕ್ಕಾಗಿ ಎರಡು ತಿಂಗಳಿಂದ ಒದ್ದಾಡುತ್ತಿದ್ದೇನೆ. ನಿಮ್ಮ ಸಹಾಯ ಬೇಕು.

ರೇಡಿಯೊ ರಿಮೋಟಿನಿಂದ ನಡೆಸುವ ಮಾದರಿ ಹಾಯಿದೋಣಿಗಳನ್ನು ರಿಪೇರಿ ಮಾಡುವುದು ನನ್ನ ಹವ್ಯಾಸ. ಇವು ಶೋಕೇಸಿನಲ್ಲಿ ಇಡುವ ಗೊಂಬೆಗಳಲ್ಲ. ದೊಡ್ಡ ಹಾಯಿದೋಣಿಗಳ ಹಾಗೆ ಗಾಳಿಯಿಂದಲೇ ಓಡುತ್ತವೆ. ತಳ್ಳುವುದಕ್ಕೆ ಮೋಟಾರು ಇರುವುದಿಲ್ಲ. ದಡದಲ್ಲಿ ನಿಂತವರ ರಿಮೋಟಿಗೆ ಎರಡೇ ಕೆಲಸ. ಒಂದು ಕಡ್ಡಿ ಚುಕ್ಕಾಣಿಯನ್ನು ತಿರುಗಿಸುತ್ತದೆ. ಇನ್ನೊಂದು ಹಾಯಿಗಳನ್ನು ಒಳಕ್ಕೆ ಎಳೆಯುತ್ತದೆ, ಇಲ್ಲವೇ ಹೊರಕ್ಕೆ ಬಿಡುತ್ತದೆ. ದೋಣಿಯೊಳಗಿನ ವಿಂಚ್ ಅನ್ನುವ ಪುಟ್ಟ ಯಂತ್ರ ಹೀಗೆ ಎಳೆಯುವ, ಬಿಡುವ ಹಗ್ಗವನ್ನು ಇಂಗ್ಲಿಷಿನಲ್ಲಿ ‘ಶೀಟ್’ ಅನ್ನುತ್ತಾರೆ. ನನ್ನ ಪ್ರಶ್ನೆ ಇದರ ಬಗ್ಗೆಯೇ.

ಏಕೆ ಈಗ ಕೇಳುತ್ತಿದ್ದೇನೆ ಅಂದರೆ, ಈ ಪದದಿಂದ ಒಂದು ದೋಣಿಗೆ ಪೆಟ್ಟಾಗಿದೆ. ಗೆಳೆಯನೊಬ್ಬನಿಗೆ ವರ್ಷಗಟ್ಟಲೆ ಮುಟ್ಟದೆ ಇಟ್ಟಿದ್ದ ದೋಣಿಯೊಂದು ಸಿಕ್ಕಿತು. ಅದನ್ನು ಹೇಗೆ ಪರೀಕ್ಷಿಸಬೇಕು ಅಂತ ನಾನು ಕನ್ನಡದಲ್ಲಿ ಒಂದು ಟಿಪ್ಪಣಿ ಬರೆದುಕೊಟ್ಟೆ. ಮೊದಲ ಸಾಲು ಹೀಗಿತ್ತು: ‘ಶೀಟ್ ಸಡಿಲ ಬಿಡಿ, ಆಮೇಲೆ ಬ್ಯಾಟರಿ ಜೋಡಿಸಿ ವಿಂಚ್ ತಿರುಗುತ್ತದೆಯೇ ನೋಡಿ.’ ಅವನು ಶೀಟ್ ಅಂದರೆ ಹಾಯಿಯ ಬಟ್ಟೆ ಅಂದುಕೊಂಡ. ಬೆಡ್‌ಶೀಟ್, ತಗಡಿನ ಶೀಟ್, ಕಾಗದದ ಶೀಟ್ ಎಲ್ಲವೂ ಹಾಸಿದ ಹಾಗೆ ಇರುವಂಥವೇ ಅಲ್ವಾ? ಹಾಯಿಯ ಕೆಳಮೂಲೆಯ ಗಂಟು ಬಿಚ್ಚಿ ಬಟ್ಟೆಯನ್ನು ಜೋಲು ಬಿಟ್ಟ. ನಿಜವಾದ ಹಗ್ಗ ಬಿಗಿಯಾಗಿಯೇ ಇತ್ತು. ಅದೂ ಒಂದು ಕಡೆ ಹಳೆಯ ವಾರ್ನಿಷಿಗೆ ಅಂಟಿಕೊಂಡಿತ್ತು. ಬ್ಯಾಟರಿ ಕೊಟ್ಟ ಕೂಡಲೇ ವಿಂಚ್ ಎಳೆಯಿತು, ಹಗ್ಗ ಜಗ್ಗಲಿಲ್ಲ. ವಿಂಚಿನ ಒಳಗಿನ ಪ್ಲಾಸ್ಟಿಕ್ ಹಲ್ಲುಚಕ್ರದ ಹಲ್ಲುಗಳು ಉದುರಿಹೋದವು. ಅವನ ತಪ್ಪು ಏನೂ ಇಲ್ಲ. ಕನ್ನಡ ಬಲ್ಲ ಯಾರು ಓದಿದರೂ ಆ ಸಾಲಿಗೆ ಅದೇ ಅರ್ಥ ಬರುತ್ತದೆ.

ಇಂಗ್ಲಿಷಿನಲ್ಲಿ ಬಟ್ಟೆಯ ಹೆಸರು ಹಗ್ಗಕ್ಕೆ ಬಂದದ್ದು ಹೇಗೆ ಅಂತ ಹುಡುಕಿದೆ. ಹಳೆಯ ಇಂಗ್ಲಿಷಿನಲ್ಲಿ ‘ಶೇಆಟ’ ಅಂದರೆ ಹಾಯಿಯ ಕೆಳಮೂಲೆ. ಆ ಮೂಲೆಗೆ ಕಟ್ಟಿದ ಹಗ್ಗಕ್ಕೆ ಮೂಲೆಯ ಹೆಸರು ಸೇರಿಸಿ ಕರೆಯುತ್ತಿದ್ದರು. ಕಾಲ ಕಳೆದ ಹಾಗೆ ‘ಹಗ್ಗ’ ಅನ್ನುವ ಭಾಗ ಉದುರಿ ಮೂಲೆಯ ಹೆಸರೇ ಹಗ್ಗಕ್ಕೆ ಉಳಿಯಿತು. ಅಂದರೆ ಅವರಿಗೂ ಈ ಪದ ಅರ್ಥದಿಂದ ಬಂದದ್ದಲ್ಲ, ರೂಢಿಯಿಂದ ಬಂದದ್ದು. ನಮಗೆ ಆ ರೂಢಿ ಇಲ್ಲ. ಹಾಗಾಗಿ ‘ಶೀಟ್’ ಅಂತಲೇ ಬರೆದುಬಿಡೋಣ ಅನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ವಿಂಚ್, ಬ್ಯಾಟರಿ, ಡೆಕ್ ಹಾಗೇ ಇರಲಿ. ಅವು ಯಾರನ್ನೂ ದಾರಿ ತಪ್ಪಿಸುವುದಿಲ್ಲ. ಶೀಟ್ ತಪ್ಪಿಸುತ್ತದೆ.

ದೋಣಿಯ ಮಾತಿಗೆ ಕನ್ನಡ ಬಡವಾಗಿಲ್ಲ. ಹಾಯಿ ನಮ್ಮದೇ ಪದ. ತಮಿಳಿನಲ್ಲಿ ಅದು ‘ಪಾಯ್’, ಅಲ್ಲಿ ಚಾಪೆಗೂ ಹಾಯಿಗೂ ಅದೇ ಹೆಸರು. ಚಾಪೆಯ ಹಾಗೆ ಹೆಣೆದ ಹಾಯಿಗಳನ್ನು ಕಟ್ಟುತ್ತಿದ್ದ ಕಾಲದ ನೆನಪು ಅದರಲ್ಲಿದೆ. ಹಾಯಿಯ ಕಂಬಕ್ಕೆ ಕೂವೆ, ಕೂವೆಕಂಬ ಅನ್ನುವ ಚಂದದ ಹಳೆಯ ಮಾತಿದೆ. ಚುಕ್ಕಾಣಿ ಅರಬ್ಬಿಯ ‘ಸುಕ್ಕಾನ್’ನಿಂದ ಬಂದದ್ದು, ಲಂಗರು ಪಾರಸಿಯಿಂದ. ಚುಕ್ಕಾಣಿಯಂತೂ ಸಮುದ್ರವನ್ನೇ ನೋಡದವರ ಬಾಯಲ್ಲೂ ಇದೆ. ಪಕ್ಷದ ಚುಕ್ಕಾಣಿ, ಸಂಸಾರದ ಚುಕ್ಕಾಣಿ ಅನ್ನುತ್ತೇವಲ್ಲ. ಇಷ್ಟೆಲ್ಲ ಇರುವಾಗ ಈ ಒಂದು ಹಗ್ಗಕ್ಕೆ ಹೆಸರು ಸಿಗದೇ ಹೋಗಲಾರದು.

ನಾನು ಯೋಚಿಸಿದ ಪದಗಳನ್ನು ಹೇಳುತ್ತೇನೆ. ಮೊದಲು ಬರೆದದ್ದು ‘ಹಾಯಿಹಗ್ಗ’. ಇದು ಸಾಲದು. ಹಾಯಿಗೆ ಸಂಬಂಧಪಟ್ಟ ಹಗ್ಗ ಒಂದೇ ಅಲ್ಲ. ಹಾಯಿಯನ್ನು ಮೇಲಕ್ಕೆ ಏರಿಸುವ ಹಗ್ಗ ಬೇರೆ, ಅದರ ಕೆಳಗಿನ ಅಂಚನ್ನು ಬಿಗಿ ಮಾಡುವ ದಾರ ಬೇರೆ. ಹಾಯಿಹಗ್ಗ ಅಂದರೆ ಯಾವುದು ಅಂತ ಮತ್ತೆ ವಿವರಿಸಬೇಕಾಗುತ್ತದೆ.

ಆಮೇಲೆ ‘ಸೂತ್ರ’. ಇದರ ಮೇಲೆ ನನಗೆ ತುಂಬಾ ಆಸೆ ಇತ್ತು. ಕನ್ನಡದಲ್ಲಿ ಪಟ ಅಂದರೆ ಗಾಳಿಪಟವೂ ಹೌದು, ಹಾಯಿಯೂ ಹೌದು. ಗಾಳಿಪಟಕ್ಕೆ ಸೂತ್ರ ಕಟ್ಟುತ್ತೇವೆ, ಹಾಗೇ ಹಾಯಿಗೂ ಸೂತ್ರ ಇರಲಿ ಅನಿಸಿತು. ಆದರೆ ಗಾಳಿಪಟದ ಸೂತ್ರವನ್ನು ಒಮ್ಮೆ ಅಳತೆ ನೋಡಿ ಕಟ್ಟಿದರೆ ಮುಗಿಯಿತು. ಪಟ ಮೇಲಿರುವಾಗ ಅದನ್ನು ಉದ್ದ ಗಿಡ್ಡ ಮಾಡುವುದಿಲ್ಲ. ದೋಣಿಯ ಹಗ್ಗಕ್ಕೆ ಕ್ಷಣಕ್ಷಣವೂ ಅದೇ ಕೆಲಸ. ಗಾಳಿಗೆ ಎದುರಾಗಿ ಏರುವಾಗ ಹಾಯಿಯನ್ನು ನಡುಗೆರೆಯ ಹತ್ತಿರಕ್ಕೆ ಎಳೆಯಬೇಕು. ಗಾಳಿ ಬೆನ್ನಿಗೆ ಬಂದಾಗ ಪೂರ್ತಿ ಹೊರಕ್ಕೆ ಬಿಡಬೇಕು. ಇನ್ನೊಂದು ತೊಂದರೆ ಏನೆಂದರೆ, ರಿಪೇರಿಯ ಟಿಪ್ಪಣಿಯಲ್ಲಿ ‘ಸೂತ್ರ’ ಅಂತ ಕಂಡರೆ ಓದುವವರು ಗಣಿತದ ಸೂತ್ರ ಅಂದುಕೊಳ್ಳುತ್ತಾರೆ. ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟೆ.

ಈಗ ಕೈಯಲ್ಲಿರುವುದು ‘ಲಗಾಮು’. ಎಳೆಯುವುದೂ ಬಿಡುವುದೂ ಎರಡೂ ಇದರಲ್ಲಿ ಸಹಜವಾಗಿ ಬರುತ್ತವೆ. ಲಗಾಮು ಬಿಗಿ ಹಿಡಿ, ಲಗಾಮು ಸಡಿಲ ಬಿಡು. ಕ್ರಿಯಾಪದ ಹುಡುಕಬೇಕಾಗಿಲ್ಲ. ‘ಕಡಿವಾಣ’ ಹತ್ತಿರದ ಪದವೇ. ಆದರೆ ಈಗಿನ ಬಳಕೆಯಲ್ಲಿ ಅದು ತಡೆಯುವುದಕ್ಕೆ ಮಾತ್ರ ಬರುತ್ತದೆ. ಕಡಿವಾಣ ಹಾಕುತ್ತೇವೆ, ಕಡಿವಾಣ ಬಿಡುವುದನ್ನು ಯಾರೂ ಹೇಳುವುದಿಲ್ಲ. ದೋಣಿಗೆ ಎರಡು ಹಾಯಿ ಇರುವುದರಿಂದ ‘ದೊಡ್ಡ ಲಗಾಮು’, ‘ಮುಂದಿನ ಲಗಾಮು’ ಅಂತ ಎರಡು ಹೆಸರೂ ಸುಲಭವಾಗಿ ಸಿಗುತ್ತವೆ.

ಇದಕ್ಕೆ ಗೆಳೆಯರೊಬ್ಬರು ಗಟ್ಟಿಯಾದ ಆಕ್ಷೇಪ ಎತ್ತಿದರು. ಕುದುರೆಯ ಲಗಾಮು ದಿಕ್ಕು ತಿರುಗಿಸುತ್ತದೆ. ದೋಣಿಯಲ್ಲಿ ದಿಕ್ಕು ತಿರುಗಿಸುವುದು ಚುಕ್ಕಾಣಿ. ಹಾಗಾದರೆ ಲಗಾಮು ಅಂದಾಗ ಓದುಗರ ಮನಸ್ಸು ಚುಕ್ಕಾಣಿಯ ಕಡೆಗೆ ಹೋಗುವುದಿಲ್ಲವೇ? ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಉತ್ತರ ಸಿಕ್ಕಿದ್ದು ಒಂದು ಹಳೆಯ ದೋಣಿಯಿಂದ.

ಅದು ಮಾರ್ಬಲ್‌ಹೆಡ್ ವರ್ಗದ ಮರದ ದೋಣಿ. ಹೆಸರಿನಲ್ಲಿ ಅಮೃತಶಿಲೆ ಏನೂ ಇಲ್ಲ, ಅದು ಅಮೆರಿಕದ ಮ್ಯಾಸಚೂಸೆಟ್ಸಿನ ಒಂದು ಊರು. 50 ಇಂಚು ಉದ್ದ, 800 ಚದರ ಇಂಚು ಹಾಯಿ ಅನ್ನುವುದು ಈ ವರ್ಗದ ಮೂಲ ಲೆಕ್ಕ. ನನ್ನ ಕೈಗೆ ಬಂದಾಗ ಹಲಗೆಗಳ ಸಂದು ಬಿಟ್ಟಿತ್ತು, ವಾರ್ನಿಷ್ ಹೊಟ್ಟಿನ ಹಾಗೆ ಏಳುತ್ತಿತ್ತು. ಡೆಕ್ಕಿನ ಹಿಂಭಾಗದಲ್ಲಿ ಚುಕ್ಕಾಣಿಯ ತಲೆಗೆ ಹಿತ್ತಾಳೆಯ ಒಂದು ಬಿಲ್ಲೆ ಕೂಡಿಸಿದ್ದರು. ಅದರ ಎರಡೂ ತೋಳಿನಲ್ಲಿ ಸಾಲಾಗಿ ತೂತುಗಳು. ಹಿಂದೆ ಒಂದು ರಬ್ಬರ್ ಎಳೆಯ ತುಂಡು. ಏನಿದು ಅಂತ ಬಹಳ ದಿನ ತಿಳಿಯಲಿಲ್ಲ. ಬಿಚ್ಚಿ ಎಸೆಯದೆ ಫೋಟೊ ತೆಗೆದು, ಡಬ್ಬಿಗೆ ಹಾಕಿ ಇಟ್ಟೆ. ಹಳೆಯ ದೋಣಿಯ ಕೆಲಸದಲ್ಲಿ ಅರ್ಥವಾಗದ ತುಣುಕನ್ನು ಎಸೆಯಬಾರದು.

ಅದು ಬ್ರೈನ್ ಗೇರ್. ರೇಡಿಯೊ ಇಲ್ಲದ ಕಾಲದಲ್ಲಿ ಮಾದರಿ ದೋಣಿಯನ್ನು ಒಂದು ದಡದಲ್ಲಿ ಬಿಟ್ಟು ಇನ್ನೊಂದು ದಡದಲ್ಲಿ ಹಿಡಿಯುತ್ತಿದ್ದರು. ನಡುವೆ ದೋಣಿ ತನ್ನ ದಾರಿಯನ್ನು ತಾನೇ ನೋಡಿಕೊಳ್ಳಬೇಕು. ಅದಕ್ಕೆ ಇದು ಉಪಾಯ. ದೊಡ್ಡ ಹಾಯಿಯ ಹಗ್ಗವನ್ನು ನೇರವಾಗಿ ಡೆಕ್ಕಿಗೆ ಕಟ್ಟದೆ, ಚುಕ್ಕಾಣಿಯ ಆ ಬಿಲ್ಲೆಗೆ ಕೊಂಡಿ ಹಾಕುತ್ತಿದ್ದರು. ಗಾಳಿ ಜೋರಾಗಿ ದೋಣಿ ದಾರಿ ತಪ್ಪಿ ಗಾಳಿಯ ಕಡೆಗೆ ತಿರುಗಲು ಹೋದರೆ ಹಗ್ಗದ ಎಳೆತ ಹೆಚ್ಚಾಗುತ್ತದೆ. ಆ ಎಳೆತವೇ ಚುಕ್ಕಾಣಿಯನ್ನು ತಿರುಗಿಸಿ ದೋಣಿಯನ್ನು ದಾರಿಗೆ ತರುತ್ತದೆ. ಗಾಳಿ ತಗ್ಗಿದಾಗ ರಬ್ಬರ್ ಚುಕ್ಕಾಣಿಯನ್ನು ನಡುವಿಗೆ ವಾಪಸ್ ಎಳೆಯುತ್ತದೆ. ಯಾವ ತೂತಿಗೆ ಕೊಂಡಿ ಹಾಕಿದರೆ ಎಷ್ಟು ತಿರುವು ಅನ್ನುವುದೇ ಆ ಕಾಲದ ಆಟಗಾರರ ಜಾಣತನ. ಮುಂದೆ ಇದರ ಜಾಗಕ್ಕೆ ಗಾಳಿಯ ದಿಕ್ಕನ್ನೇ ಹಿಡಿದು ಚುಕ್ಕಾಣಿ ತಿರುಗಿಸುವ ಗಾಳಿಪಟ್ಟಿಯ ಗೇರ್ ಬಂತು. ಆಮೇಲೆ ರೇಡಿಯೊ ಬಂತು.

ನೋಡಿ, ಆ ದೋಣಿಯಲ್ಲಿ ಹಗ್ಗ ನಿಜವಾಗಿಯೂ ಲಗಾಮೇ ಆಗಿತ್ತು. ಹಾಯಿಯನ್ನೂ ಹಿಡಿಯುತ್ತಿತ್ತು, ದಿಕ್ಕನ್ನೂ ತಿರುಗಿಸುತ್ತಿತ್ತು. ಈಗಿನ ದೋಣಿಗಳಲ್ಲೂ ಇದು ಪೂರ್ತಿ ಸುಳ್ಳಲ್ಲ. ದೊಡ್ಡ ಹಾಯಿಯನ್ನು ಜಾಸ್ತಿ ಬಿಗಿದರೆ ಚುಕ್ಕಾಣಿ ಮುಟ್ಟದಿದ್ದರೂ ದೋಣಿಯ ಮೂತಿ ಗಾಳಿಯ ಕಡೆಗೆ ತಿರುಗುತ್ತದೆ. ಸ್ವಲ್ಪ ಬಿಟ್ಟರೆ ಸರಿಯಾಗುತ್ತದೆ. ಹಾಗಾಗಿ ಆಕ್ಷೇಪವೇ ನನಗೆ ಆಧಾರವಾಯಿತು. (ಆ ದೋಣಿಗೆ ರೇಡಿಯೊ ಹಾಕಲು ಡೆಕ್ ಕೊರೆಯಬೇಕಿತ್ತು. ಕೊರೆಯಲಿಲ್ಲ. ಹಿತ್ತಾಳೆ ಬಿಲ್ಲೆಯನ್ನು ಒರೆಸಿ ಮತ್ತೆ ಅದರ ಜಾಗದಲ್ಲೇ ಕೂರಿಸಿದೆ. ಹತ್ತಿಯ ಹಳೆಯ ಹಾಯಿಯನ್ನು ಅಳತೆಗೆ ಇಟ್ಟುಕೊಂಡು ಹೊಸದನ್ನು ಹೊಲಿದೆ, ಹಳೆಯದನ್ನು ಸುತ್ತಿ ಇಟ್ಟಿದ್ದೇನೆ.)

ಇದೇ ಟಿಪ್ಪಣಿಯಲ್ಲಿ ಇನ್ನೂ ಕೆಲವು ಪದ ತೊಡಕು ಕೊಟ್ಟಿವೆ. ಅವನ್ನೂ ಇಲ್ಲೇ ಕೇಳಿಬಿಡುತ್ತೇನೆ.

ಶೀಟಿಗಿಂತ ಅಪಾಯದ ಪದ ‘ಕೀಲ್’. ದೋಣಿಯ ಅಡಿಯಲ್ಲಿ ನೀರಿಗೆ ಇಳಿದಿರುವ ಉದ್ದನೆಯ ಅಲಗು, ಅದರ ತುದಿಗೆ ಸೀಸದ ಭಾರ. ಇದನ್ನು ಕೀಲ್ ಅಂತ ಬರೆದರೆ ಕನ್ನಡದ ಓದುಗರಿಗೆ ಕಾಣುವುದು ‘ಕೀಲು’, ಅಂದರೆ ಸಂದು. ಈ ದೋಣಿಗಳಲ್ಲಿ ನಿಜವಾದ ಕೀಲೂ ಇದೆ. ಕೂವೆಗೂ ಹಾಯಿಯ ಅಡ್ಡಕೋಲಿಗೂ ನಡುವೆ ತಿರುಗುವ ಸಂದು ಅದು. ‘ಕೀಲು ಅಲ್ಲಾಡುತ್ತಿದೆ’ ಅಂದರೆ ಯಾವುದು? ಒಂದನ್ನು ಒಂದು ಹನಿ ಎಣ್ಣೆ ಹಾಕಿ ಬಿಡಬಹುದು. ಇನ್ನೊಂದು ಅಲ್ಲಾಡಿದರೆ ದೋಣಿಯನ್ನು ನೀರಿಗೇ ಇಳಿಸಬಾರದು. ಇಂಟರ್‌ನ್ಯಾಷನಲ್ ಒನ್ ಮೀಟರ್ ವರ್ಗದ ದೋಣಿಗೆ ಕನಿಷ್ಠ 4 ಕಿಲೋ ತೂಕ ಇರಬೇಕು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಈ ಅಲಗು ಮತ್ತು ಸೀಸದ್ದೇ. ನಾನು ಅಲಗಿಗೆ ‘ಅಡಿರೆಕ್ಕೆ’ ಅಂತಲೂ, ಸೀಸಕ್ಕೆ ‘ತೂಗುಗುಂಡು’ ಅಂತಲೂ ಬರೆಯುತ್ತಿದ್ದೇನೆ. ಗಾರೆ ಕೆಲಸದವರು ಗೋಡೆಯ ನೇರ ನೋಡಲು ಇಳಿಬಿಡುವ ತೂಗುಗುಂಡಿನ ಹಾಗೇ ಇದೂ ದೋಣಿಯನ್ನು ನೆಟ್ಟಗೆ ನಿಲ್ಲಿಸುತ್ತದೆ. ಹಳೆಯ ಗುಂಡಿನ ಮೇಲೆ ಬಿಳಿ ಪುಡಿ ಕಟ್ಟಿರುತ್ತದೆ. ಅದನ್ನು ಒಣಗಿದ್ದಾಗ ಉಜ್ಜಬೇಡಿ, ಸೀಸದ ಧೂಳು ವಿಷ. ನೀರು ಹಾಕಿಕೊಂಡು, ಕೈಗವಸು ತೊಟ್ಟು ಉಜ್ಜಿ.

ಹಾಯಿಯ ಹಿಂದಿನ ಅಂಚಿಗೆ ‘ಸೆರಗು’ ಅಂತ ಬರೆದಿದ್ದೇನೆ. ಕಂಬಕ್ಕೆ ಸೇರಿದ ಅಂಚು ಗಟ್ಟಿ, ಹಿಂದಿನದು ಗಾಳಿಗೆ ಹಾರಾಡುವುದು. ಇದರ ಬಗ್ಗೆ ನನಗೆ ಅನುಮಾನವೇ ಇಲ್ಲ.

ದೋಣಿ ಗಾಳಿಯನ್ನು ದಾಟಿ ತಿರುಗಿದಾಗ ಹಾಯಿ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುತ್ತದೆ. ಇದಕ್ಕೆ ‘ಮಗ್ಗುಲು ಬದಲಿಸು’ ಹೇಗೆ? ಗಾಳಿಗೆ ಎದೆಕೊಟ್ಟು ಮಗ್ಗುಲು ಬದಲಿಸುವುದು ಒಂದು, ಬೆನ್ನುಕೊಟ್ಟು ಬದಲಿಸುವುದು ಇನ್ನೊಂದು. ಇಂಗ್ಲಿಷಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳಿವೆ. ನಮ್ಮದು ಸ್ವಲ್ಪ ಉದ್ದವಾಯಿತು, ಆದರೆ ಕೇಳಿದ ಕೂಡಲೇ ಕಣ್ಣಿಗೆ ಕಟ್ಟುತ್ತದೆ. ಗಾಳಿ ಬರುವ ಬದಿಗೆ ‘ಗಾಳಿಮೇಲು’, ಅದರ ಆಚೆ ಬದಿಗೆ ‘ಗಾಳಿಮರೆ’ ಅಂದುಕೊಂಡಿದ್ದೇನೆ. ಇಂಗ್ಲಿಷಿನ ‘ಲೀ’ ಪದಕ್ಕೂ ಮೂಲದಲ್ಲಿ ಮರೆ, ಆಸರೆ ಅಂತಲೇ ಅರ್ಥ.

ಒಂದಕ್ಕೆ ಮಾತ್ರ ಏನೂ ಸಿಕ್ಕಿಲ್ಲ. ದೋಣಿ ಗಾಳಿಗೆ ನೇರ ಮೂತಿ ಕೊಟ್ಟು ನಿಂತುಬಿಡುತ್ತದೆ. ಹಾಯಿ ಸುಮ್ನೆ ಪಟಪಟ ಹೊಡೆದುಕೊಳ್ಳುತ್ತದೆ. ಓಟ ಇಲ್ಲದ್ದರಿಂದ ಚುಕ್ಕಾಣಿ ತಿರುಗಿಸಿದರೂ ಕೆಲಸ ಮಾಡುವುದಿಲ್ಲ. ಇಂಗ್ಲಿಷಿನವರು ಇದನ್ನು ಬೇಡಿ ಬಿದ್ದ ಹಾಗೆ ಅನ್ನುತ್ತಾರೆ. ‘ಗಾಳಿಗೆ ಕಟ್ಟುಬಿತ್ತು’ ಅನ್ನಬಹುದೇ? ನನಗೆ ಸಮಾಧಾನವಿಲ್ಲ. ಮಲಗಿದ ಎತ್ತು ಏಳದಿದ್ದಾಗ ಹೇಳುವ ಮಾತು ಯಾವುದಾದರೂ ಇದ್ದರೆ ತಿಳಿಸಿ.

ಮತ್ತೆ ಮೊದಲ ಪ್ರಶ್ನೆಗೆ ಬರುತ್ತೇನೆ. ಹಾಯಿ ಕಟ್ಟಿ ದೋಣಿ ನಡೆಸಿದ ಹಿರಿಯರ ಮಾತನ್ನು ನಿಮ್ಮಲ್ಲಿ ಯಾರಾದರೂ ಕೇಳಿದ್ದರೆ, ಅವರು ಈ ಹಗ್ಗಕ್ಕೆ ಏನನ್ನುತ್ತಿದ್ದರು? ಅಂಥ ಪದ ಒಂದು ಸಿಕ್ಕರೆ ನನ್ನ ಲಗಾಮನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ. ಸಿಗದಿದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ. ನನ್ನ ಟಿಪ್ಪಣಿಯ ಮೊದಲ ಸಾಲು ಈಗ ಹೀಗಿದೆ: ‘ಲಗಾಮು ಸಡಿಲ ಬಿಡಿ, ಅದು ಎಲ್ಲೂ ಅಂಟಿಲ್ಲ ಅಂತ ಕೈಯಿಂದ ಎಳೆದು ನೋಡಿ, ಆಮೇಲೆ ಬ್ಯಾಟರಿ ಜೋಡಿಸಿ.’ ದೋಣಿಯನ್ನು ಯಾವತ್ತೂ ಮುಟ್ಟದ ಒಬ್ಬರಿಗೆ ಇದನ್ನು ಓದಿ ಹೇಳಿ, ಎದುರಿಗೆ ಒಂದು ಹಾಯಿದೋಣಿಯ ಚಿತ್ರ ಇಡಿ. ಅವರ ಬೆರಳು ಯಾವ ದಾರದ ಮೇಲೆ ಹೋಯಿತು ಅಂತ ನನಗೆ ಬರೆಯಿರಿ.