ಚಿವಿಟಾವೆಕ್ಕಿಯಾ ಬಂದರಿನಿಂದ ನಾವೇ ರೋಮ್‌ಗೆ ಹೋಗಿ, ಹಡಗು ಬಿಡುವುದರೊಳಗೆ ವಾಪಸ್ ಬರಬಹುದಾ?

ಮೊದಲಕ್ರೂಸ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ಬಾರ್ಸಿಲೋನಾದಿಂದ ಹೊರಡುವ ಏಳು ರಾತ್ರಿಯ ಮೆಡಿಟರೇನಿಯನ್ ಕ್ರೂಸ್ ಬುಕ್ ಆಗಿದೆ. ನಾನು, ನಮ್ಮ ಯಜಮಾನರು, ಅತ್ತೆ (66), ಮಾವ (71), ಒಟ್ಟು ನಾಲ್ಕು ಜನ. ಬುಧವಾರ ಬೆಳಿಗ್ಗೆ 7ಕ್ಕೆ ಹಡಗು ಚಿವಿಟಾವೆಕ್ಕಿಯಾ ಸೇರುತ್ತೆ, ಸಂಜೆ 7ಕ್ಕೆ ಬಿಡುತ್ತೆ. 6:30ರೊಳಗೆ ಎಲ್ಲರೂ ಹತ್ತಿರಬೇಕು ಅಂತ ಬರೆದಿದ್ದಾರೆ. ಮರುದಿನ ನೇಪಲ್ಸ್.

ಹಡಗಿನವರ ಟೂರ್ ನಾಲ್ವರಿಗೆ ಲೆಕ್ಕ ಹಾಕಿದರೆ ಬಹಳ ಆಗುತ್ತೆ. ರೈಲಿನಲ್ಲಿ ನಾವೇ ಹೋಗಿಬರಬಹುದಾ? ವ್ಯಾಟಿಕನ್ ಮ್ಯೂಸಿಯಂ, ಕೊಲೋಸಿಯಂ ಎರಡೂ ಒಂದೇ ದಿನದಲ್ಲಿ ಆಗುತ್ತಾ? ಪಾಸ್‌ಪೋರ್ಟ್ ಜೊತೆಗೆ ಒಯ್ಯಬೇಕಾ? ಮಾವನಿಗೆ ಮಂಡಿನೋವು, ಹೆಚ್ಚು ನಡೆಯೋಕಾಗಲ್ಲ. ಎಲ್ಲರೂ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಹಳಿಪ್ರೇಮಿ

ಮೇಡಂ, ಖಂಡಿತ ಆಗುತ್ತೆ. ಆದರೆ ಎರಡೂ ಆಗಲ್ಲ. ಮ್ಯೂಸಿಯಂ ಒಂದಕ್ಕೇ ಮೂರು ಗಂಟೆ ಬೇಕು, ಒಳಗೆ ಕಿಲೋಮೀಟರ್‌ಗಟ್ಟಲೆ ನಡಿಗೆ. ಮಂಡಿನೋವಿನವರನ್ನು ಕರೆದುಕೊಂಡು ಅದನ್ನೂ ಕೊಲೋಸಿಯಂ ಅನ್ನೂ ಒಂದೇ ದಿನಕ್ಕೆ ಸೇರಿಸಬೇಡಿ.

ಸಂಜೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. 6:30 ಗಡುವು ಅಂದರೆ 5:30ಕ್ಕೆ ಹಡಗಿನ ಮೆಟ್ಟಿಲ ಹತ್ತಿರ ಇರಬೇಕು. ಚಿವಿಟಾವೆಕ್ಕಿಯಾ ಸ್ಟೇಷನ್ನಿಂದ ಹಡಗಿಗೆ ಬಸ್ಸು, ಕ್ಯೂ ಎಲ್ಲ ಸೇರಿ 40 ನಿಮಿಷ ಇಟ್ಟುಕೊಳ್ಳಿ. ರೈಲು ಸುಮಾರು 50 ನಿಮಿಷ. ಹಾಗಾದರೆ ರೋಮ್‌ನಲ್ಲಿ 4 ಗಂಟೆಯ ಹೊತ್ತಿಗೆ ರೈಲು ಹತ್ತಿರಬೇಕು. ಗಂಟೆಗೆ ಹೆಚ್ಚುಕಡಿಮೆ ಎರಡು ರೈಲು ಇರುವುದರಿಂದ, ಒಂದು ತಪ್ಪಿದರೂ ಇನ್ನೊಂದು ಹಿಡಿದು ಗಡುವಿನೊಳಗೆ ಸೇರಬಹುದು. ಕೊನೆಯ ರೈಲನ್ನೇ ನಂಬಿ ಪ್ಲಾನ್ ಮಾಡಿದವರೇ ಸಾಮಾನ್ಯವಾಗಿ ಸಿಕ್ಕಿಬೀಳುವುದು.

ಬೆಳಿಗ್ಗೆ ಬಂದರಿನೊಳಗೆ ನಡೆದು ಹೋಗುವ ಪ್ರಶ್ನೆಯೇ ಇಲ್ಲ. ಹಡಗಿನ ಪಕ್ಕದಲ್ಲೇ ಉಚಿತ ಶಟಲ್ ಬಸ್ ನಿಂತಿರುತ್ತೆ, ಅದು ಲಾರ್ಗೋ ದೆಲ್ಲಾ ಪಾಚೆ ಅನ್ನುವ ಜಾಗಕ್ಕೆ ಬಿಡುತ್ತೆ. ಅಲ್ಲಿಂದ ರೈಲ್ವೆ ಸ್ಟೇಷನ್ ಸುಮಾರು 2 ಕಿ.ಮೀ. ನಡೆದರೆ 25 ನಿಮಿಷ, ಬಸ್ಸಾದರೆ 10. ನೀವು ಬಸ್ಸೇ ಹಿಡಿಯಿರಿ, ಮಾವನ ಮಂಡಿಯ ಶಕ್ತಿಯನ್ನು ರೋಮ್‌ಗೆ ಉಳಿಸಿ. ಲಾರ್ಗೋ ದೆಲ್ಲಾ ಪಾಚೆಯಲ್ಲಿ "ಇವತ್ತು ರೈಲಿಲ್ಲ, ವ್ಯಾನ್‌ನಲ್ಲಿ ಬನ್ನಿ" ಅನ್ನುವವರು ಸಿಗಬಹುದು. ಮೊಬೈಲಿನಲ್ಲಿ ರೈಲು ನೋಡಿಕೊಂಡು ಮುಂದೆ ಹೋಗಿ.

ರೋಮ್‌ಗೆ ರೀಜನಲ್ (ಸ್ಥಳೀಯ ಪ್ಯಾಸೆಂಜರ್) ರೈಲಿನ ಟಿಕೆಟ್ ಒಬ್ಬರಿಗೆ ಸುಮಾರು 5 ಯೂರೋ. ಇಲ್ಲಿ ಮೂರು ಕಡೆ ಜನ ಎಡವುತ್ತಾರೆ.

ಮೊದಲನೆಯದು ಮುದ್ರೆ. ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮ್ ಹತ್ತಿರದ ಚಿಕ್ಕ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸಬೇಕು. ಟಿಕೆಟ್ಟನ್ನು ಎಡಗಡೆ ಒತ್ತಿ ಹಿಡಿದರೆ 'ಟಕ್' ಅಂತ ಸದ್ದಾಗಿ ತಾರೀಖು, ಸಮಯ ಅಚ್ಚಾಗುತ್ತೆ. ಅಚ್ಚು ಬಿದ್ದಿದೆಯೇ ಅಂತ ಕಣ್ಣಾರೆ ನೋಡಿ, ಶಾಯಿ ಮುಗಿದ ಯಂತ್ರಗಳೂ ಇರುತ್ತವೆ. ಮೊಬೈಲಿನ ಟಿಕೆಟ್ ಆದರೆ ರೈಲು ಹತ್ತುವ ಮುಂಚೆ ಅದರಲ್ಲಿರುವ ಚೆಕ್-ಇನ್ ಒತ್ತಬೇಕು. ಎರಡೂ ಮಾಡದಿದ್ದರೆ ಟಿಕೆಟ್ ಕೈಯಲ್ಲಿದ್ದರೂ ದಂಡ ಬೀಳುತ್ತೆ.

ಎರಡನೆಯದು ರೈಲಿನ ಬಗೆ. ಅದೇ ಹಳಿಯಲ್ಲಿ ಇಂಟರ್‌ಸಿಟಿ ರೈಲುಗಳೂ ಓಡುತ್ತವೆ. ರೀಜನಲ್ ಟಿಕೆಟ್ ಅದಕ್ಕೆ ನಡೆಯಲ್ಲ.

ಮೂರನೆಯದು ವಾಪಸ್ ಬರುವಾಗಿನ ಬೋರ್ಡ್. ಬೋರ್ಡಿನಲ್ಲಿ ಇರುವುದು ರೈಲಿನ ಕೊನೆಯ ನಿಲ್ದಾಣದ ಹೆಸರು. ಗ್ರೊಸೆತೊ, ಪೀಸಾ ಚೆಂತ್ರಾಲೆ ಅಂತ ಬರೆದ ರೀಜನಲ್ ರೈಲುಗಳೂ ಚಿವಿಟಾವೆಕ್ಕಿಯಾ ಮೇಲೆಯೇ ಹೋಗುತ್ತವೆ. 'ಚಿವಿಟಾವೆಕ್ಕಿಯಾ' ಅನ್ನುವ ಪದವನ್ನೇ ಹುಡುಕುತ್ತಾ ನಿಂತರೆ ಇವು ಕಣ್ಣೆದುರೇ ಹೊರಟುಹೋಗುತ್ತವೆ. 'ಬಿನಾರಿಯೊ' ಅಂದರೆ ಪ್ಲಾಟ್‌ಫಾರ್ಮ್, 'ರಿಟಾರ್ಡೊ' ಅಂದರೆ ತಡ, 'ಸೊಪ್ರೆಸ್ಸೊ' ಅಂದರೆ ರದ್ದು.

ಬುಧವಾರ ಅಂದಿರಲ್ಲ, ಅದು ಮುಖ್ಯ. ಪೋಪ್ ರೋಮ್‌ನಲ್ಲಿದ್ದರೆ ಬುಧವಾರ ಬೆಳಿಗ್ಗೆ ಸೇಂಟ್ ಪೀಟರ್ಸ್ ಚೌಕದಲ್ಲಿ ಸಾರ್ವಜನಿಕ ದರ್ಶನ ಇರುತ್ತೆ, ಅದು ಮುಗಿಯುವವರೆಗೆ ಚರ್ಚಿನೊಳಗೆ ಬಿಡುವುದಿಲ್ಲ. ಹಾಗಾಗಿ ಎಲ್ಲರೂ ಮಾಡುವಂತೆ ಮೊದಲು ಆ ಚರ್ಚಿನ ಹತ್ತಿರದ ಸಾನ್ ಪಿಯೆತ್ರೊ ಸ್ಟೇಷನ್ನಿನಲ್ಲಿ ಇಳಿಯಬೇಡಿ. ರೋಮಾ ಓಸ್ತಿಯೆನ್ಸೆವರೆಗೆ ಹೋಗಿ. ಅಲ್ಲಿಂದ ಒಳದಾರಿಯಲ್ಲೇ ಪಿರಾಮಿದೆ ಮೆಟ್ರೋ ಸ್ಟೇಷನ್ ಸಿಗುತ್ತೆ, ಬಿ ಲೈನಿನಲ್ಲಿ ಎರಡನೇ ನಿಲ್ದಾಣವೇ ಕೊಲೊಸ್ಸೆಯೊ, ಅಂದರೆ ಕೊಲೋಸಿಯಂ. ಮೆಟ್ರೋಗೆ 1.50 ಯೂರೋ, ಗೇಟಿನಲ್ಲಿ ಕಾರ್ಡ್ ತಾಗಿಸಿದರೆ ಸಾಕು, ಆದರೆ ಒಬ್ಬೊಬ್ಬರಿಗೆ ಬೇರೆ ಬೇರೆ ಕಾರ್ಡ್ ಬೇಕು.

ಕೊಲೋಸಿಯಂಗೆ 10:30ರ ಸುಮಾರಿನ ಸ್ಲಾಟ್ ತೆಗೆದುಕೊಳ್ಳಿ. ಟಿಕೆಟ್ 30 ದಿನ ಮುಂಚೆ ಅಧಿಕೃತ ತಾಣದಲ್ಲಿ ಬಿಡುತ್ತಾರೆ, ಮೇ ತಿಂಗಳಲ್ಲಿ ಬೇಗ ಖಾಲಿಯಾಗುತ್ತೆ. ಟಿಕೆಟ್ ಮೇಲೆ ಹೆಸರಿರುತ್ತೆ, ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರೆಸಿ. ನಮ್ಮಲ್ಲಿ ಇನಿಷಿಯಲ್ ಬಿಡಿಸಿ ಬರೆದಿರುವವರು ಇಲ್ಲಿ ಗಮನ ಕೊಡಬೇಕು. ಅಲ್ಲಿಂದ 12ಕ್ಕೆ ಹೊರಟು ಪ್ಯಾಂಥಿಯನ್ ಕಡೆಗೆ ಟ್ಯಾಕ್ಸಿ, ಊಟ. 2 ಗಂಟೆಗೆ ಮತ್ತೊಂದು ಟ್ಯಾಕ್ಸಿಯಲ್ಲಿ ಸೇಂಟ್ ಪೀಟರ್ಸ್. ಒಳಗೆ ಪ್ರವೇಶ ಉಚಿತ, ತಪಾಸಣೆಯ ಕ್ಯೂ ಉದ್ದ. ಹೆಗಲು, ಮಂಡಿ ಮುಚ್ಚಿರಬೇಕು, ಸೀರೆ ಚೂಡಿದಾರಕ್ಕೆ ತೊಂದರೆಯಿಲ್ಲ. ಕ್ಯೂ ಕರಗದಿದ್ದರೆ ಚೌಕವನ್ನು ನೋಡಿಕೊಂಡು ಹೊರಟುಬಿಡಿ. 3:30ಕ್ಕೆ ಬಿಟ್ಟರೆ ಸಾನ್ ಪಿಯೆತ್ರೊ ಸ್ಟೇಷನ್ 15 ನಿಮಿಷದ ನಡಿಗೆ.

ವಾಪಸ್ಸಿಗೆ ರೋಮಿನ ಮುಖ್ಯ ಸ್ಟೇಷನ್ ಟೆರ್ಮಿನಿಗೆ ಹೋಗಬೇಡಿ. ಚಿವಿಟಾವೆಕ್ಕಿಯಾ ಕಡೆಯ ರೈಲು ಅಲ್ಲಿ 25ರ ಮೇಲಿನ ಪ್ಲಾಟ್‌ಫಾರ್ಮ್‌ಗಳಿಂದ ಹೊರಡುತ್ತೆ, ಮುಖ್ಯ ಹಾಲ್‌ನಿಂದ ಅಲ್ಲಿಗೇ ಏಳೆಂಟು ನಿಮಿಷದ ಬಿರುಸು ನಡಿಗೆ. ವಯಸ್ಸಾದವರ ಜೊತೆ ರೈಲು ತಪ್ಪುವುದು ಅಲ್ಲೇ.

ಲಂಗರು_72

ಹಳಿಪ್ರೇಮಿಯವರು ದಾರಿ ಪೂರ್ತಿ ಹೇಳಿದ್ದಾರೆ. ಕಾಗದಪತ್ರ ಮತ್ತು ಫೋನಿನ ವಿಷಯ ನಾನು ಸೇರಿಸುತ್ತೇನೆ.

ಹಿಂದಿನ ರಾತ್ರಿ ಕ್ಯಾಬಿನ್‌ಗೆ ಬರುವ ದಿನಚರಿ ಹಾಳೆಯಲ್ಲಿ (ಅಥವಾ ಹಡಗಿನ ಆ್ಯಪ್‌ನಲ್ಲಿ) ಪೋರ್ಟ್ ಏಜೆಂಟ್ (ಆ ಬಂದರಿನಲ್ಲಿ ಹಡಗಿನವರ ಪ್ರತಿನಿಧಿ) ಹೆಸರು, ಫೋನ್ ನಂಬರ್ ಇರುತ್ತೆ. ಅದರ ಫೋಟೋ ನಾಲ್ವರ ಫೋನಿನಲ್ಲೂ ಇರಲಿ, ಒಂದು ಚೀಟಿಯಲ್ಲೂ ಬರೆದು ಮಾವನ ಜೇಬಿಗೆ ಹಾಕಿ. ಗಡುವಿನ ಸಮಯವನ್ನು ಆ ಹಾಳೆಯಲ್ಲೇ ನೋಡಿ, ಬುಕಿಂಗ್ ವೇಳೆ ಕೊಟ್ಟಿದ್ದು ಬದಲಾಗಿರಬಹುದು.

ಪಾಸ್‌ಪೋರ್ಟನ್ನು ಕೆಲವು ಹಡಗುಗಳು ಹತ್ತುವಾಗಲೇ ಇಟ್ಟುಕೊಳ್ಳುತ್ತವೆ. ಕೈಯಲ್ಲೇ ಇದ್ದರೆ, ಆಯಾ ಬಂದರಿನಲ್ಲಿ ಮೂಲಪ್ರತಿ ಬೇಕು ಅಂತ ಹಡಗಿನವರು ಹೇಳಿದರೆ ಮಾತ್ರ ಒಯ್ಯಿರಿ. ಇಲ್ಲದಿದ್ದರೆ ಕ್ಯಾಬಿನ್ ಸೇಫ್‌ನಲ್ಲಿಟ್ಟು ಫೋಟೋ ಪುಟ, ವೀಸಾ ಪುಟ ಎರಡರ ಬಣ್ಣದ ಜೆರಾಕ್ಸ್ ಮತ್ತು ಹಡಗಿನ ಕಾರ್ಡ್ ಇಟ್ಟುಕೊಳ್ಳಿ. ಯಾರಾದರೂ ಬರಲಿಲ್ಲ ಅಂತಾದರೆ, ಹಡಗಿನವರು ಸಾಮಾನ್ಯವಾಗಿ ಸೇಫ್ ತೆಗೆದು ಪಾಸ್‌ಪೋರ್ಟನ್ನು ಏಜೆಂಟ್ ಕೈಗೆ ಕೊಟ್ಟು ಹೋಗುತ್ತಾರೆ.

ವೀಸಾ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಷೆಂಗೆನ್ ವೀಸಾದಲ್ಲಿ (ಯುರೋಪಿನ ಹಲವು ದೇಶಗಳಿಗೆ ಸೇರಿ ಇರುವ ಒಂದೇ ವೀಸಾ) ಪ್ರವೇಶದ ಸಂಖ್ಯೆ 'MULT' (ಹಲವು ಬಾರಿ) ಅಂತ ಇರಲಿ. ದಾರಿಯಲ್ಲಿ ಟುನೀಶಿಯಾ, ಟರ್ಕಿಯಂಥ ಬಂದರು ಇದ್ದರೆ ನೀವು ಷೆಂಗೆನ್‌ನಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದ ಹಾಗೆ. ಒಂದೇ ಪ್ರವೇಶದ ವೀಸಾ ಅಲ್ಲಿಗೆ ಮುಗಿಯುತ್ತೆ. ಬೆಂಗಳೂರಿನ ಕೇಂದ್ರದಲ್ಲಿ ಅರ್ಜಿ ಹಾಕುವಾಗಲೇ ಬಂದರುಗಳ ಪಟ್ಟಿ ಇರುವ ಕ್ರೂಸ್ ಟಿಕೆಟ್ ಲಗತ್ತಿಸಿ.

ಫೋನ್: ಹಡಗು ಸಮುದ್ರದಲ್ಲಿರುವಾಗ ಏರೋಪ್ಲೇನ್ ಮೋಡ್‌ನಲ್ಲೇ ಇರಲಿ. ಹಡಗಿಗೆ ತನ್ನದೇ ಮೊಬೈಲ್ ನೆಟ್‌ವರ್ಕ್ ಇರುತ್ತೆ, ಫೋನು ತಾನಾಗಿ ಅದಕ್ಕೆ ಅಂಟಿಕೊಳ್ಳುತ್ತೆ. ನಮ್ಮ ರೋಮಿಂಗ್ ಪ್ಯಾಕ್‌ನಲ್ಲಿ ಇಟಲಿ ಇದ್ದರೂ ಈ ನೆಟ್‌ವರ್ಕ್ ಸಾಮಾನ್ಯವಾಗಿ ಅದರೊಳಗೆ ಬರಲ್ಲ, ಬಿಲ್ಲು ಸಾವಿರಗಳಲ್ಲಿ ಬರುತ್ತೆ. ಬಂದರಿನಲ್ಲಿ ಇಳಿದು ಶಟಲ್ ಹತ್ತಿದ ಮೇಲೆ ಮೋಡ್ ತೆಗೆಯಿರಿ. ಇನ್ನೊಂದು, ಕೆಲವು ಮಾರ್ಗಗಳಲ್ಲಿ ಹಡಗಿನ ಸಮಯ ಮತ್ತು ಊರಿನ ಸಮಯ ಬೇರೆ ಇರುತ್ತೆ. ಸ್ಪೇನ್, ಫ್ರಾನ್ಸ್, ಇಟಲಿ ಮೂರಕ್ಕೂ ಒಂದೇ ಸಮಯವಾದ್ದರಿಂದ ನಿಮಗೆ ಈ ತೊಂದರೆ ಇರಬಾರದು. ಗ್ರೀಸ್ ಸೇರಿದರೆ ಒಂದು ಗಂಟೆ ಮುಂದೆ. ಹಾಗಿದ್ದಾಗ ಒಂದು ಮುಳ್ಳಿನ ಗಡಿಯಾರವನ್ನು ಹಡಗಿನ ಸಮಯಕ್ಕೇ ಇಟ್ಟುಕೊಳ್ಳುವುದು ಒಳ್ಳೆಯದು.

ಕಾರ್ಡಿಗೆ ವಿದೇಶಿ ಬಳಕೆ ಮತ್ತು ತಾಗಿಸಿ ಪಾವತಿಸುವ ಸೌಲಭ್ಯ ಎರಡನ್ನೂ ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿಕೊಂಡೇ ಹೊರಡಿ. ಯಂತ್ರ "ರೂಪಾಯಿಯಲ್ಲೋ ಯೂರೋದಲ್ಲೋ" ಅಂತ ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರ ದರ ನಿಮ್ಮ ತಲೆಗೆ. ಶೌಚಾಲಯಕ್ಕೆ ಒಂದು ಯೂರೋ ನಾಣ್ಯಗಳು ಬೇಕಾಗುತ್ತವೆ.

ಮೊದಲಕ್ರೂಸ್

ಇಬ್ಬರಿಗೂ ತುಂಬಾ ಧನ್ಯವಾದ. ಬುಧವಾರದ ವಿಷಯ ಗೊತ್ತೇ ಇರಲಿಲ್ಲ. ಇಟಲಿಯಲ್ಲಿ ರೈಲು ಮುಷ್ಕರ ಜಾಸ್ತಿ ಅಂತಾರಲ್ಲ, ಆವತ್ತೇ ಆದರೆ ಏನು ಮಾಡೋದು? ಹಡಗು ನಿಜವಾಗಿ ತಪ್ಪಿದರೆ?

ಹಳಿಪ್ರೇಮಿ

ಮುಷ್ಕರವನ್ನು ಮುಂಚೆಯೇ ಘೋಷಿಸುತ್ತಾರೆ. ಹೋಗುವ ವಾರ 'ಶೋಪೆರೊ' (sciopero, ಮುಷ್ಕರ) ಅನ್ನುವ ಪದದ ಜೊತೆ ತಾರೀಖು ಹಾಕಿ ಹುಡುಕಿ. ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ರೀಜನಲ್ ರೈಲುಗಳಿಗೆ ಖಾತರಿಯ ಅವಧಿ, ಮುಷ್ಕರವಿದ್ದರೂ ಒಂದಿಷ್ಟು ರೈಲು ಓಡುತ್ತೆ. ಲೆಕ್ಕ ನೋಡಿ: ಬೆಳಿಗ್ಗೆ ನಿಮಗೆ ರೈಲು ಸಿಗುತ್ತೆ, ರೋಮ್ ಸೇರುತ್ತೀರಿ. ನಿಮಗೆ ಬೇಕಾದ 4 ಗಂಟೆಯ ರೈಲು ಮಾತ್ರ ಖಾತರಿಯೊಳಗೆ ಬರಲ್ಲ, 6ರ ರೈಲು ಹಿಡಿದರೆ ಹಡಗು ಹೋಗಿರುತ್ತೆ. ಆದ್ದರಿಂದ ಮುಷ್ಕರದ ದಿನ ಹಡಗಿನವರದೇ ಬಸ್ ತೆಗೆದುಕೊಳ್ಳಿ. 'ರೋಮ್‌ಗೆ ಬಿಟ್ಟು, ಮತ್ತೆ ಕರೆದುಕೊಂಡು ಬರುವುದು' ಅಷ್ಟೇ ಇರುವ ಬಸ್ಸು ಪೂರ್ತಿ ಟೂರ್‌ಗಿಂತ ಕಡಿಮೆ. ಹಡಗಿನವರು ಮಾರಿದ ಬಸ್ಸು ತಡವಾದರೆ ಹೊಣೆ ಅವರದು. ಸ್ವಂತವಾಗಿ ಹೋದವರಿಗೆ ಹಡಗು ಕಾಯುವುದಿಲ್ಲ.

ಲಂಗರು_72

ತಡವಾಗುತ್ತೆ ಅಂತ ಅನ್ನಿಸಿದ ಕೂಡಲೇ ಏಜೆಂಟ್‌ಗೆ ಫೋನ್ ಮಾಡಿ, ಹಡಗು ಹೋದಮೇಲೆ ಅಲ್ಲ. ನಾಲ್ವರೂ ಒಟ್ಟಿಗೇ ಇರಿ. ಹೋಗಿಯೇ ಬಿಟ್ಟರೆ ನಿಮ್ಮ ಮಾರ್ಗದಲ್ಲಿ ಮುಂದಿನದು ನೇಪಲ್ಸ್, ಅದೇ ಸಮಾಧಾನ. ರೋಮ್‌ನಿಂದ ಫಾಸ್ಟ್ ರೈಲಿನಲ್ಲಿ ಸುಮಾರು 1 ಗಂಟೆ 10 ನಿಮಿಷ. ರಾತ್ರಿ ಹೋಟೆಲಿನಲ್ಲಿದ್ದು ಬೆಳಿಗ್ಗೆ ಹಡಗು ಸೇರಬಹುದು, ಖರ್ಚು ಪೂರ್ತಿ ನಿಮ್ಮದೇ. ಅದಕ್ಕೇ ಬಿಪಿ, ಶುಗರ್ ಮಾತ್ರೆ ಎರಡು ದಿನಕ್ಕಾಗುವಷ್ಟು ಕೈಚೀಲದಲ್ಲಿರಲಿ. ಪಾಸ್‌ಪೋರ್ಟ್ ಕಳೆದುಹೋದರೆ ಭಾರತದ ರಾಯಭಾರ ಕಚೇರಿ ರೋಮ್‌ನಲ್ಲೇ ಇದೆ.

ಒಗ್ಗರಣೆಸೌಟು

ಊಟದ ವಿಷಯ ಯಾರೂ ಮುಟ್ಟಲಿಲ್ಲ. ಮೊಟ್ಟೆ ತಿನ್ನದವರು ಇಟಲಿಯಲ್ಲಿ ಗಮನಿಸಬೇಕಾದದ್ದು ಪಾಸ್ತಾ. ತಾಜಾ ಪಾಸ್ತಾ (ಫೆಟ್ಟುಚಿನೆ, ತಾಲ್ಯಾತೆಲ್ಲೆ, ರವಿಯೋಲಿ) ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕಿಯೇ ಕಲಸುವುದು. ಒಣ ಪಾಸ್ತಾ (ಸ್ಪಗೆಟ್ಟಿ, ಪೆನ್ನೆ) ಬರೀ ಗೋಧಿ ರವೆ ಮತ್ತು ನೀರು. 'ಪೆನ್ನೆ ಅಲ್ ಪೊಮೊದೊರೊ' ಕೇಳಿ, ಟೊಮೇಟೊ ಸಾಸ್ ಅಷ್ಟೇ. ಪಿಜ್ಜಾದಲ್ಲಿ 'ಮರಿನಾರಾ' ಹೆಸರು ಕೇಳಿ ಮೀನು ಅಂದುಕೊಳ್ಳಬೇಡಿ, ಅದು ಟೊಮೇಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ, ಚೀಸ್ ಕೂಡ ಇಲ್ಲ. ಪಾರ್ಮಿಜಾನೊ, ಪೆಕೊರಿನೊ ಚೀಸ್‌ಗಳಲ್ಲಿ ಹಾಲು ಒಡೆಸಲು ಕರು, ಕುರಿಮರಿಗಳ ಹೊಟ್ಟೆಯಿಂದ ತೆಗೆದದ್ದನ್ನು ಬಳಸುತ್ತಾರೆ, ಮೇಲೆ ಉದುರಿಸಬೇಡಿ ಅನ್ನಿ. ಸುಪ್ಲಿ ಅನ್ನುವ ಅನ್ನದ ಉಂಡೆ ನಮ್ಮ ಬೋಂಡದ ಹಾಗೆ ಕಾಣುತ್ತೆ, ಒಳಗೆ ಮಾಂಸದ ಸಾಸ್ ಇರುವುದೇ ಹೆಚ್ಚು. "ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ, ಸೆಂತ್ಸಾ ವೋವಾ" ಅಂದರೆ ಮಾಂಸ, ಮೀನು, ಮೊಟ್ಟೆ ಬೇಡ ಅಂತ. ಚೀಟಿಯಲ್ಲಿ ಬರೆದು ತೋರಿಸುವುದು ಇನ್ನೂ ಸರಿ.

ನೀರು ಕೊಳ್ಳಬೇಡಿ. ರೋಮ್‌ನ ಬೀದಿಗಳಲ್ಲಿ 'ನಸೋನಿ' ಅನ್ನುವ ಕಬ್ಬಿಣದ ಕುಳ್ಳ ಕಂಬಗಳಿಂದ ತಣ್ಣೀರು ಸುರಿಯುತ್ತಲೇ ಇರುತ್ತೆ. ಬಾಗಿದ ಕೊಳವೆಯ ಬಾಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತೆ, ಬಗ್ಗದೆ ಕುಡಿಯಬಹುದು.

ಲಂಗರು_72

ನೇಪಲ್ಸ್ ಬಗ್ಗೆ ಒಂದು ಮಾತು. ಹಡಗು ಊರಿನ ನಡುವೆಯೇ ನಿಲ್ಲುತ್ತೆ. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಪುರಾತನ ಊರು ಪೊಂಪೆಯಿಗೆ ಹೋಗುವುದಾದರೆ ಮುನಿಚಿಪಿಯೊ ಸ್ಟೇಷನ್ನಿನಿಂದ ಮೆಟ್ರೋದಲ್ಲಿ ಗರಿಬಾಲ್ದಿ, ಅಲ್ಲಿ ಕೆಳಗಡೆ ಸೊರೆಂಟೊ ಕಡೆಯ ಚಿರ್ಕುಮ್‌ವೆಸುವಿಯಾನಾ ರೈಲು. ಇಳಿಯಬೇಕಾದ್ದು 'ಪೊಂಪೆಯಿ ಸ್ಕಾವಿ – ವಿಲ್ಲಾ ದೆಯ್ ಮಿಸ್ತೆರಿ'. ಬರೀ 'ಪೊಂಪೆಯಿ' ಅನ್ನುವ ಸ್ಟೇಷನ್ ಬೇರೆ, ಅಲ್ಲಿ ಇಳಿದರೆ ಹೊಸ ಊರಿನಲ್ಲಿ ಇರುತ್ತೀರಿ. ದಿನಕ್ಕೆ 20,000 ಜನರ ಮಿತಿ ಇದೆ, ಟಿಕೆಟ್‌ಗೆ ಇಲ್ಲೂ ಹೆಸರು ಬೇಕು. ರೈಲಿನಲ್ಲಿ ಜೇಬುಗಳ್ಳರ ಕಾಟ, ಚೀಲ ಎದೆಯ ಮೇಲಿರಲಿ. ಕಾಪ್ರಿ ದ್ವೀಪದ ದೋಣಿ ಹಡಗಿನ ಪಕ್ಕದಿಂದಲೇ ಹೊರಡುತ್ತೆ, ಆಸೆಯಾಗುತ್ತೆ. ಆದರೆ ಮಧ್ಯಾಹ್ನ ಗಾಳಿ ಎದ್ದು ದೋಣಿ ನಿಂತರೆ ದ್ವೀಪದಿಂದ ಬರಲು ಬೇರೆ ದಾರಿಯಿಲ್ಲ. ಮಾವನಿಗೆ ಪೊಂಪೆಯಿಯ ಕಲ್ಲುಹಾಸು ಕಷ್ಟ, ನೆರಳೂ ಇಲ್ಲ. ಅವರ ಮಟ್ಟಿಗೆ ಊರೊಳಗಿನ ಪುರಾತತ್ವ ಮ್ಯೂಸಿಯಂ ವಾಸಿ, ಪೊಂಪೆಯಿಯಲ್ಲಿ ಸಿಕ್ಕ ಚಿತ್ರಗಳು, ಮೊಸಾಯಿಕ್‌ಗಳು ಅಲ್ಲೇ ಇವೆ. ಮಂಗಳವಾರ ರಜೆ, ನಿಮ್ಮದು ಗುರುವಾರ.

ಹಳಿಪ್ರೇಮಿ

ಹಿರಿಯರಿಗೆ ರೋಮ್ ಬೇಡ ಅನ್ನಿಸಿದರೆ ಇನ್ನೊಂದು ದಾರಿ ಇದೆ. ಅದೇ ಚಿವಿಟಾವೆಕ್ಕಿಯಾ ಸ್ಟೇಷನ್ನಿನಿಂದ ರೋಮ್‌ಗೆ ವಿರುದ್ಧ ದಿಕ್ಕಿನಲ್ಲಿ ಕಾಲು ಗಂಟೆ ಹೋದರೆ ತಾರ್ಕ್ವೀನಿಯಾ. ರೋಮನ್ನರಿಗಿಂತ ಹಿಂದಿನ ಎತ್ರುಸ್ಕನ್ನರ ಬಣ್ಣ ಬಳಿದ ಗೋರಿಗಳಿವೆ, 2004ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಸ್ಟೇಷನ್ನಿನಿಂದ ಊರು ಗುಡ್ಡದ ಮೇಲೆ, ಬಸ್ಸೋ ಟ್ಯಾಕ್ಸಿಯೋ ಬೇಕು. ಗೋರಿಯೊಳಗೆ ಇಳಿಯಲು ಕಡಿದಾದ ಮೆಟ್ಟಿಲುಗಳಿವೆ. ಮಾವನವರಿಗೆ ಅದು ಬೇಡ, ಅವರು ಊರೊಳಗಿನ ಮ್ಯೂಸಿಯಂನಲ್ಲಿ ರೆಕ್ಕೆಯ ಕುದುರೆಗಳ ಸುಟ್ಟ ಮಣ್ಣಿನ ಶಿಲ್ಪ ನೋಡಲಿ. ಹೋಗುವ ಮುಂಚೆ ಬಾಗಿಲು ತೆರೆದಿರುತ್ತಾ ಅಂತ ಖಚಿತ ಮಾಡಿಕೊಳ್ಳಿ, ಸೋಮವಾರ ಅಂತೂ ಹೋಗಬೇಡಿ.